ಎಷ್ಟು ಜನ ಬರ್ತಾರೆ? ಪರ್ಮಿಷನ್ ಪತ್ರದ ಹಿಂದಿನ ಲೆಕ್ಕ

ಹೋದ ವರ್ಷದ ನಮ್ಮ ರಾಜ್ಯೋತ್ಸವ ನೆನಪಿದೆ ಅಲ್ವಾ? ಡೊಳ್ಳು ಕುಣಿತ ಸಖತ್ತಾಗಿತ್ತು, ಬಿಸಿಬೇಳೆಬಾತ್ ಎಂಟು ಗಂಟೆಗೇ ಖಾಲಿ, ಫೋಟೋಗಳೂ ಚೆನ್ನಾಗಿ ಬಂದಿದ್ವು. ಆದರೆ ಸಂಜೆ ಆರೂವರೆಗೆ ಗೇಟ್ ಹತ್ತಿರ ಏನಾಯ್ತು ಅನ್ನೋದು ಆ ಫೋಟೋಗಳಲ್ಲಿ ಇಲ್ಲ.

ನಾನು ಆಗ ಫಸ್ಟ್ ಇಯರ್. ವಾಲಂಟಿಯರ್ ಬ್ಯಾಡ್ಜ್ ಹಾಕ್ಕೊಂಡು ಚಿಕ್ಕ ಗೇಟ್ ಪಕ್ಕ ನಿಂತು ಐಡಿ ಕಾರ್ಡ್ ನೋಡೋ ಕೆಲಸ. ಹಿಂದಿನ ದಿನ ಯಾರೋ ಒಂದು ರೀಲ್ ಹಾಕಿದ್ರು: "ಎಂಟ್ರಿ ಫ್ರೀ, ಫ್ರೆಂಡ್ಸ್‌ನೆಲ್ಲಾ ಕರ್ಕೊಂಡು ಬನ್ನಿ." ಆರ್ಕೆಸ್ಟ್ರಾ ಶುರುವಾಗೋ ಹೊತ್ತಿಗೆ ಹೊರಗೆ ರಸ್ತೆವರೆಗೂ ಜನ. ಒಳಗಿಂದ ಹಾಡು ಕೇಳಿದ ತಕ್ಷಣ ಹಿಂದಿನವರು ತಳ್ಳಿದ್ರು. ನನ್ನ ಕೈ ಗೇಟಿನ ಕಂಬಿಗೆ ಒತ್ತಿಕೊಂಡು ಬಿಡಿಸ್ಕೊಳ್ಳೋಕೆ ಆಗಲಿಲ್ಲ. ಮುಂದಿದ್ದ ಒಬ್ಬ ಹುಡುಗಿ ತಲೆ ಸುತ್ತಿ ವಾಲಿದಳು, ಆದರೆ ಬೀಳೋಕೂ ಅವಳಿಗೆ ಜಾಗ ಇರಲಿಲ್ಲ. ಸೆಕ್ಯೂರಿಟಿ ಅಂಕಲ್ ಓಡಿ ಬಂದು ಗಾಡಿಗಳ ದೊಡ್ಡ ಗೇಟಿನ ಬೀಗ ತೆಗೆದರು. ಎರಡೇ ನಿಮಿಷದಲ್ಲಿ ಎಲ್ಲಾ ಸರಿಹೋಯ್ತು. ಆಮೇಲೆ ಅಂಕಲ್ ನನಗೆ ಹೇಳಿದ್ದು ಒಂದೇ ಮಾತು: "ಎಷ್ಟು ಜನ ಬರ್ತಾರೆ ಅಂತ ಮೊದ್ಲೇ ಹೇಳಿದ್ರೆ ಆ ಗೇಟ್ ಬೆಳಗ್ಗೇನೇ ತೆಗ್ದಿಡ್ತಿದ್ದೆ ಕಣಪ್ಪ."

ಎಷ್ಟು ಜನ ಬರ್ತಾರೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿನ್ನಸ್ವಾಮಿ ದುರಂತ ಆಗಿ ಇನ್ನೂ ಐದಾರು ತಿಂಗಳಾಗಿತ್ತು ಅಷ್ಟೇ. ಈ ವರ್ಷ ಕ್ಲಬ್‌ನಲ್ಲಿ ಪರ್ಮಿಷನ್ ಕೆಲಸ ನನಗೆ ಬಿದ್ದಿದೆ. ಅದಕ್ಕೆ ಓದಿದ್ದು, ಕೇಳಿ ತಿಳ್ಕೊಂಡಿದ್ದು ಇಲ್ಲಿ ಬರೀತಿದ್ದೀನಿ. ಟೆಕ್ ಫೆಸ್ಟ್ ಮಾಡೋರಿಗೂ, ಏರಿಯಾದಲ್ಲಿ ಗಣೇಶ ಕೂರಿಸೋರಿಗೂ ಉಪಯೋಗ ಆಗಬಹುದು.

ಜೂನ್ 4ರಂದು ಏನಾಯ್ತು

2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಜಯನಗರ, ಬಿಟಿಎಂ ಕಡೆ ಪಟಾಕಿ ಸದ್ದು ಮಧ್ಯರಾತ್ರಿ ದಾಟಿದರೂ ನಿಂತಿರಲಿಲ್ಲ. ಮಾರನೇ ದಿನವೇ ಬೆಂಗಳೂರಲ್ಲಿ ವಿಜಯೋತ್ಸವ. ಸರ್ಕಾರ ಹೈಕೋರ್ಟ್‌ಗೆ ಕೊಟ್ಟ ವರದಿ ಪ್ರಕಾರ, ಬೆಳಗ್ಗೆ 7 ಗಂಟೆಯಿಂದಲೇ ತಂಡದ ಸೋಷಿಯಲ್ ಮೀಡಿಯಾ ಖಾತೆಯಲ್ಲಿ ಜನರನ್ನು ಕರೆಯುವ ಪೋಸ್ಟ್‌ಗಳು ಬಂದವು. ಪಾಸ್ ಬೇಕು, ಸೀಟು ಸೀಮಿತ ಅನ್ನೋ ಮಾತು ಬಂದಿದ್ದು ಮಧ್ಯಾಹ್ನ 3 ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಜನ ಸ್ಟೇಡಿಯಂ ಸುತ್ತ ತುಂಬಿದ್ದರು. ಅವತ್ತು ಒಂದೇ ದಿನ ನಮ್ಮ ಮೆಟ್ರೋದಲ್ಲಿ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಜನ ಓಡಾಡಿದರು.

ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಹಿಡಿಸೋದು ಸುಮಾರು 35,000 ಜನ. ಸೇರಿದ್ದು ಎರಡು ಮೂರು ಲಕ್ಷ ಅಂತ ಸರ್ಕಾರವೇ ಹೇಳಿತು. ಗೇಟ್‌ಗಳ ಹತ್ತಿರ 11 ಜನ ಸತ್ತರು, 50ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಸತ್ತವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರು, ಇಲ್ಲಾ ನಮಗಿಂತ ನಾಲ್ಕೈದು ವರ್ಷ ಆಚೆ ಈಚೆ.

ಪರ್ಮಿಷನ್ ಕಥೆ ಏನು? ಅದೇ ವರದಿ ಪ್ರಕಾರ, ಜೂನ್ 3ರಂದು ಕ್ರಿಕೆಟ್ ಸಂಸ್ಥೆಯಿಂದ ಕಬ್ಬನ್ ಪಾರ್ಕ್ ಠಾಣೆಗೆ ಒಂದು ಪತ್ರ ಹೋಗಿತ್ತು. ಆದರೆ ಅದು "ಹೀಗೆ ಮಾಡ್ತಿದ್ದೀವಿ" ಅಂತ ತಿಳಿಸೋ ಪತ್ರವೇ ಹೊರತು ಅನುಮತಿ ಕೇಳೋ ಅರ್ಜಿ ಆಗಿರಲಿಲ್ಲ. ಎಷ್ಟು ಜನ ಸೇರಬಹುದು, ವ್ಯವಸ್ಥೆ ಏನು, ಎಲ್ಲಿ ಜನ ಕಟ್ಟಿಕೊಳ್ಳಬಹುದು ಅನ್ನೋ ವಿವರ ಅದರಲ್ಲಿರಲಿಲ್ಲ. ಯಾರ ತಪ್ಪು ಎಷ್ಟು ಅನ್ನೋದು ಕೋರ್ಟು, ವಿಚಾರಣಾ ಆಯೋಗಗಳ ವಿಷಯ. ನಾವು ಕಲಿಯಬೇಕಾದ್ದು ಬೇರೆ. ಪತ್ರ ಕೊಡೋದು ಬೇರೆ, ಲೆಕ್ಕ ಕೊಡೋದು ಬೇರೆ. ನಾವು ಕಾಲೇಜಿನಲ್ಲಿ ಇಷ್ಟು ದಿನ ಮಾಡ್ತಿದ್ದಿದ್ದು ಬರೀ ಪತ್ರ ಕೊಡೋ ಕೆಲಸ.

ಕಾಲ್ತುಳಿತ ಅನ್ನೋ ಪದ

ಕನ್ನಡ ಸಂಘದವರಾಗಿ ಒಂದು ಪದದ ಬಗ್ಗೆ ಮಾತಾಡೋಣ. ಪೇಪರ್, ಟಿವಿ ಎಲ್ಲಾ ಕಡೆ ಇಂಥ ಘಟನೆಗೆ "ಕಾಲ್ತುಳಿತ" ಅಂತಾರೆ. ಆ ಪದ ಕೇಳಿದರೆ ಜನ ಹುಚ್ಚೆದ್ದು ಓಡಿದರು, ಬಿದ್ದವರನ್ನು ತುಳಿದರು ಅನ್ನೋ ಚಿತ್ರ ಬರುತ್ತೆ. ಆದರೆ ಇಂಥ ಕಡೆ ಹೆಚ್ಚಿನವರು ಸಾಯೋದು ತುಳಿತದಿಂದ ಅಲ್ಲ, ಒತ್ತಡದಿಂದ. ಉಸಿರು ತಗೊಳ್ಳಬೇಕಾದರೆ ಎದೆ ಉಬ್ಬಬೇಕು. ಎಲ್ಲಾ ಕಡೆಯಿಂದ ಒತ್ತಿಕೊಂಡಾಗ ಎದೆ ಉಬ್ಬೋಕೆ ಜಾಗ ಇರಲ್ಲ. ನಿಂತಲ್ಲೇ ಉಸಿರು ಕಟ್ಟುತ್ತೆ.

ಜಾನ್ ಫ್ರೂಯಿನ್ ಅನ್ನೋ ಅಮೆರಿಕದ ಇಂಜಿನಿಯರ್ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ದುರಂತ ಆದ ಜಾಗಗಳಲ್ಲಿ ಬಗ್ಗಿದ ಕಬ್ಬಿಣದ ಕಂಬಿಗಳನ್ನು ನೋಡಿ, 4,500 ನ್ಯೂಟನ್‌ಗಿಂತ ಹೆಚ್ಚು ಬಲ ಬಿದ್ದಿರಬೇಕು ಅಂತ ಅವರು ಬರೆದಿದ್ದಾರೆ. ಅಂದರೆ ಸುಮಾರು 450 ಕೆ.ಜಿ. ಭಾರ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ತಳ್ಳಿದರೂ ಸಾಲಿನ ಮುಂದೆ ಅದು ಕೂಡ್ತಾ ಹೋಗುತ್ತೆ. ಹಿಂದೆ ಇರೋನಿಗೆ ತಾನು ಕೊಲ್ತಿದ್ದೀನಿ ಅಂತ ಗೊತ್ತೇ ಇರಲ್ಲ.

ನಮ್ಮಲ್ಲೇ ಇನ್ನೊಂದು ಹಳೇ ಪದ ಇದೆ: ನೂಕುನುಗ್ಗಲು. ನನ್ನ ಪ್ರಕಾರ ಅದೇ ಸರಿಯಾದ ಪದ. ಕಾಲ್ತುಳಿತ ಅಂದರೆ ತಪ್ಪು ಜನರ ಕಾಲಿನ ಮೇಲೆ ಹೋಗುತ್ತೆ. ನೂಕುನುಗ್ಗಲು ಅಂದರೆ, ಯಾಕೆ ನೂಕಿದ್ರು, ಎಲ್ಲಿಗೆ ನುಗ್ಗಬೇಕಾಗಿತ್ತು, ಅಲ್ಲಿ ದಾರಿ ಎಷ್ಟಿತ್ತು ಅನ್ನೋ ಪ್ರಶ್ನೆ ಬರುತ್ತೆ. ಅದು ಆಯೋಜಕರಿಗೆ ಕೇಳೋ ಪ್ರಶ್ನೆ.

ನಾಲ್ಕು ವಿಷಯ: ಬಲ, ಮಾಹಿತಿ, ಜಾಗ, ಸಮಯ

ಇಂಥ ದುರಂತಗಳನ್ನು ಅರ್ಥ ಮಾಡ್ಕೊಳ್ಳೋಕೆ ಫ್ರೂಯಿನ್ ಈ ನಾಲ್ಕು ವಿಷಯ ನೋಡಿ ಅಂತಾರೆ. ಒತ್ತುವ ಬಲ ಎಷ್ಟು, ಜನರಿಗೆ ಸಿಕ್ಕ ಮಾಹಿತಿ ಏನು, ನಿಲ್ಲೋಕೆ ಜಾಗ ಎಷ್ಟು, ಎಷ್ಟು ಹೊತ್ತಿನಲ್ಲಿ ಬಂದರು.

ಇದನ್ನ ನಮ್ಮ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹಾಕಿ ನೋಡಿ. ಕಾರ್ತಿಕ ಮಾಸದ ಕೊನೇ ಸೋಮವಾರ ಅಂದರೆ ಬುಲ್ ಟೆಂಪಲ್ ರಸ್ತೆ ತುಂಬಾ ಜನ. ಪಾಸ್ ಇಲ್ಲ, ಟಿಕೆಟ್ ಇಲ್ಲ, ಲಕ್ಷಗಟ್ಟಲೆ ಜನ ಬಂದು ಹೋಗ್ತಾರೆ. ಫ್ರೀ ಎಂಟ್ರಿಯೇ ಸಮಸ್ಯೆ ಅಂದರೆ ಅಲ್ಲಿ ಪ್ರತಿ ವರ್ಷ ಅನಾಹುತ ಆಗಬೇಕಿತ್ತು. ಯಾಕೆ ಆಗಲ್ಲ? ಅಲ್ಲಿ ಗೇಟ್ ಇಲ್ಲ. ರಸ್ತೆಗೆ ಅಡ್ಡರಸ್ತೆಗಳಿವೆ, ಇಷ್ಟ ಬಂದ ಕಡೆ ಹೊರಗೆ ಹೋಗಬಹುದು. ಇಷ್ಟೇ ಹೊತ್ತಿಗೆ ಬರಬೇಕು ಅಂತ ಇಲ್ಲ, ಬೆಳಗ್ಗೆ ಬರೋರು ಬೆಳಗ್ಗೆ, ರಾತ್ರಿ ಬರೋರು ರಾತ್ರಿ. ಎಲ್ಲರೂ ನೋಡಲೇಬೇಕಾದ ಒಂದು ವೇದಿಕೆಯೂ ಇಲ್ಲ. ಜಾಗ, ಸಮಯ ಎರಡರಲ್ಲೂ ಜನ ಹರಡಿಕೊಳ್ತಾರೆ. ಒತ್ತಡ ಇರೋದು ದೇವಸ್ಥಾನದ ಬಾಗಿಲ ಹತ್ತಿರ. ಅಲ್ಲಿ ಮಾತ್ರ ಕ್ಯೂ, ಬ್ಯಾರಿಕೇಡ್.

ಈಗ ಜೂನ್ 4ನ್ನ ಪಕ್ಕದಲ್ಲಿಡಿ. ಒಂದೇ ಜಾಗ, ಒಂದೇ ಹೊತ್ತು, ಕೆಲವೇ ಗೇಟ್, ಗಳಿಗೆಗೊಂದು ಮಾಹಿತಿ. ನಮ್ಮ ಕಾಲೇಜ್ ಕಾರ್ಯಕ್ರಮ ಯಾವುದರ ಥರ ಇದೆ? ಪರಿಷೆ ಥರ ಅಲ್ಲ, ಸ್ಟೇಡಿಯಂ ಥರ. ಕಾಂಪೌಂಡ್ ಇದೆ, ಗೇಟ್ ಇದೆ, ಆರೂವರೆಗೆ ಶುರುವಾಗೋ ಆರ್ಕೆಸ್ಟ್ರಾ ಇದೆ.

"ಕಾಲೇಜಿನಲ್ಲಿ ಅಷ್ಟೆಲ್ಲಾ ಆಗಲ್ಲ ಬಿಡಿ" ಅನ್ನೋರಿಗೆ ಒಂದು ಉದಾಹರಣೆ. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗದ ಟೆಕ್ ಫೆಸ್ಟ್‌ನಲ್ಲಿ ನಾಲ್ಕು ಜನ ಸತ್ತರು. ಬಯಲು ಸಭಾಂಗಣ, ಗೇಟ್ ದಾಟಿದ ಕೂಡಲೇ ಕೆಳಗಿಳಿಯೋ ಮೆಟ್ಟಿಲು. ಸಂಗೀತ ಕಾರ್ಯಕ್ರಮಕ್ಕೆ ಮುಂಚೆ ಮಳೆ ಬಂತು, ಹೊರಗಿದ್ದವರು ಒಳಗೆ ನುಗ್ಗಿದರು, ಮೆಟ್ಟಿಲ ಮೇಲಿದ್ದವರು ಬಿದ್ದರು. ಅದೂ ನಮ್ಮಂಥವರೇ ನಡೆಸಿದ ಫೆಸ್ಟ್.

ಲೆಕ್ಕ ಮಾಡೋಣ

ಮೊದಲು ಒಂದು ಪ್ರಯೋಗ. ಹಾಸ್ಟೆಲ್ ಕಾರಿಡಾರ್‌ನಲ್ಲಿ ಚಾಕ್‌ಪೀಸಿನಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೀರಿ. ಇಬ್ಬರು ನಿಂತರೆ ಆರಾಮ. ನಾಲ್ವರು ನಿಂತರೆ ಭುಜ ತಾಗುತ್ತೆ. ಐವರಾದರೆ ತಿರುಗೋಕೆ ಕಷ್ಟ. ಅಲ್ಲಿಗೆ ನಿಲ್ಲಿಸಿ. ಚದರ ಮೀಟರಿಗೆ ಐದು ದಾಟಿದರೆ ಅಪಾಯ ಶುರು. ಏಳರ ಹತ್ತಿರ ಬಂದರೆ ಜನಸಂದಣಿ ನೀರಿನ ಥರ ಆಗುತ್ತೆ ಅಂತಾರೆ ಫ್ರೂಯಿನ್. ನಾವು ನಡೆಯಲ್ಲ, ಅಲೆ ನಮ್ಮನ್ನ ಎಳ್ಕೊಂಡು ಹೋಗುತ್ತೆ.

ಈಗ ಒಂದು ಮೈದಾನ ತಗೊಳ್ಳೋಣ: 40 ಮೀಟರ್ ಉದ್ದ, 30 ಮೀಟರ್ ಅಗಲ. ಒಟ್ಟು 1,200 ಚದರ ಮೀಟರ್. ವೇದಿಕೆ, ಸ್ಟಾಲ್, ಊಟದ ಜಾಗ, ಓಡಾಡೋ ದಾರಿ, ಆಂಬುಲೆನ್ಸ್ ಬರೋ ದಾರಿ ಅಂತ 400 ಕಳೆಯಿರಿ. ಉಳಿದಿದ್ದು 800. ಚದರ ಮೀಟರಿಗೆ ಇಬ್ಬರಂತೆ 1,600 ಜನ. ಇದು ಮೊದಲನೇ ಸಂಖ್ಯೆ.

ಎರಡನೇದು, ಹೊರಗೆ ಹೋಗೋ ಲೆಕ್ಕ. ಬ್ರಿಟನ್ನಿನ ಸ್ಟೇಡಿಯಂ ಸುರಕ್ಷತೆಯ ಕೈಪಿಡಿ "ಗ್ರೀನ್ ಗೈಡ್" ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಹುದು. ಎಲ್ಲರೂ ಎಂಟು ನಿಮಿಷದೊಳಗೆ ಹೊರಗೆ ಬರುವಂತಿರಬೇಕು. ನಮ್ಮ ದೊಡ್ಡ ಗೇಟ್ 3 ಮೀಟರ್ ಅಂತಿಟ್ಟುಕೊಳ್ಳಿ: ನಿಮಿಷಕ್ಕೆ 246 ಜನ, 1,600 ಜನರಿಗೆ ಆರೂವರೆ ನಿಮಿಷ. ಪಾಸ್. ಚಿಕ್ಕ ಗೇಟ್ 1 ಮೀಟರ್: ನಿಮಿಷಕ್ಕೆ 82, ಅಂದರೆ 1,600 ಜನರಿಗೆ ಹತ್ತೊಂಬತ್ತೂವರೆ ನಿಮಿಷ. ಫೇಲ್. ಹೋದ ವರ್ಷ ನಾವು ತೆಗೆದಿಟ್ಟಿದ್ದು ಚಿಕ್ಕ ಗೇಟ್ ಒಂದನ್ನೇ.

ಇಲ್ಲಿಗೆ ಲೆಕ್ಕ ಮುಗೀಲಿಲ್ಲ. ದೊಡ್ಡ ಗೇಟ್ ಮುಂದೆ ಜನರೇಟರ್‌ಗೆ ಬೆಂಕಿ ಹತ್ತಿದರೆ? ಅದನ್ನ ಬಿಟ್ಟು ಲೆಕ್ಕ ಹಾಕಿ. ಚಿಕ್ಕ ಗೇಟ್‌ನಿಂದ ಎಂಟು ನಿಮಿಷದಲ್ಲಿ ಹೋಗೋದು 656 ಜನ ಮಾತ್ರ. ಹಾಗಾದರೆ ಎರಡೇ ದಾರಿ. ಒಂದೋ 656 ಜನರಿಗೆ ಮಾತ್ರ ಪಾಸ್ ಕೊಡಿ, ಇಲ್ಲಾ ಬೇರೆ ದಿಕ್ಕಿನಲ್ಲಿ ಇನ್ನೊಂದು ಗೇಟ್ ತೆಗೆಸಿ. ಮೈದಾನ 1,600 ಅಂದರೂ ಗೇಟ್ 656 ಅಂದರೆ, ಗೇಟಿನ ಮಾತೇ ಕೇಳಬೇಕು. ಎರಡು ಸಂಖ್ಯೆಯಲ್ಲಿ ಚಿಕ್ಕದೇ ನಮ್ಮ ಕೆಪಾಸಿಟಿ.

ಮೂರನೇದು, ಒಳಗೆ ಬರೋ ಲೆಕ್ಕ. ಟರ್ನ್‌ಸ್ಟೈಲ್ ಇರೋ ಒಂದು ದಾರಿಯಲ್ಲಿ ಗಂಟೆಗೆ 660 ಜನಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ ಅನ್ನುತ್ತೆ ಅದೇ ಕೈಪಿಡಿ. ಅಂದರೆ ನಿಮಿಷಕ್ಕೆ 11. ಐಡಿ ಕಾರ್ಡ್ ನೋಡಿ, ಬ್ಯಾಗ್ ನೋಡಿ ಬಿಡೋ ನಾವು ಇದಕ್ಕಿಂತ ಫಾಸ್ಟ್ ಅಂತೂ ಇರಲ್ಲ. ಇನ್ನೊಂದು ಗೇಟ್ ಸಿಕ್ಕಿ 1,600 ಜನರನ್ನೇ ಕರೆದಿದ್ದೀವಿ ಅನ್ನಿ. ನಾಲ್ಕು ಸಾಲು ಮಾಡಿದರೆ ನಿಮಿಷಕ್ಕೆ 44. ಎಲ್ಲರೂ ಕೊನೇ ಅರ್ಧ ಗಂಟೆಯಲ್ಲೇ ಬಂದರೆ ನಿಮಿಷಕ್ಕೆ 53. ಪ್ರತಿ ನಿಮಿಷ ಒಂಬತ್ತು ಚಿಲ್ಲರೆ ಜನ ಉಳೀತಾರೆ, ಅರ್ಧ ಗಂಟೆಗೆ ಹೊರಗೆ 280 ಜನರ ಕ್ಯೂ. ಚದರ ಮೀಟರಿಗೆ ಇಬ್ಬರಂತೆ ನಿಲ್ಲಿಸಿದರೆ, 2 ಮೀಟರ್ ಅಗಲದ ಫುಟ್‌ಪಾತ್‌ನಲ್ಲಿ 70 ಮೀಟರ್ ಉದ್ದ. ನಿಮ್ಮ ಗೇಟಿನಿಂದ 70 ಮೀಟರ್ ನಡೆದು ನೋಡಿ. ಅಲ್ಲಿ ಬಸ್ ಸ್ಟಾಪ್ ಇದೆಯಾ, ಟ್ರಾನ್ಸ್‌ಫಾರ್ಮರ್ ಇದೆಯಾ, ಮುಚ್ಚಳ ಇಲ್ಲದ ಚರಂಡಿ ಇದೆಯಾ?

ಸಮಯ ಹರಡಿದರೆ ಈ ಕ್ಯೂ ಮಾಯ. ಐದಕ್ಕೇ ಗೇಟ್ ತೆಗೆದು, ಊಟದ ಸ್ಟಾಲ್ ಮತ್ತು ರಂಗೋಲಿ ಸ್ಪರ್ಧೆ ಐದೂವರೆಗೇ ಶುರು ಮಾಡಿದರೆ ಜನ ತಾವಾಗೇ ಬೇಗ ಬರ್ತಾರೆ. ಪರಿಷೆಯಿಂದ ಕಲಿಯೋದು ಇದೇ.

ಯಾರ ಹತ್ತಿರ ಏನು ಕೇಳಬೇಕು

ಈ ಮೂರು ಲೆಕ್ಕ ಕೈಯಲ್ಲಿದ್ದರೆ ಪರ್ಮಿಷನ್ ಕೆಲಸ ಅರ್ಧ ಮುಗಿದ ಹಾಗೆ, ಯಾಕಂದ್ರೆ ಎಲ್ಲಾ ಕಚೇರಿಯಲ್ಲೂ ಮೊದಲು ಕೇಳೋದು "ಎಷ್ಟು ಜನ?" ಅಂತಾನೇ.

ಪೊಲೀಸ್: ಬೆಂಗಳೂರಿನಲ್ಲಿ ಸಭೆ, ಮೆರವಣಿಗೆಗಳಿಗೆ ಲೈಸೆನ್ಸ್ ಕೊಡೋ 2009ರ ಆದೇಶ ಇದೆ. ಅರ್ಜಿ ಕೊಡೋಕೆ ಮೊದಲು ಯಾವ ಠಾಣೆ ಅಂತ ನೋಡ್ಕೊಳ್ಳಿ. ಬಿಟಿಎಂ ಲೇಔಟ್‌ನ ಬಹುಪಾಲು ಜಾಗ ಮೈಕೋ ಲೇಔಟ್ ಠಾಣೆಗೆ ಬರುತ್ತೆ, ಹೆಸರು ನೋಡಿ ಹುಡುಕಿದರೆ ಸಿಗಲ್ಲ. ಮೆರವಣಿಗೆ ಇದ್ದರೆ ಟ್ರಾಫಿಕ್ ಠಾಣೆಗೂ ಹೋಗಬೇಕು, ಅದು ಬೇರೆ ಠಾಣೆ. ಅರ್ಜಿ ಜೊತೆ ಮೈದಾನದ ಸ್ಕೆಚ್, ಗೇಟ್ ಅಗಲ, ಜನರ ಸಂಖ್ಯೆ, ಶುರು ಮತ್ತು ಮುಗಿಯೋ ಸಮಯ, ವಾಲಂಟಿಯರ್‌ಗಳ ಪಟ್ಟಿ, ಜವಾಬ್ದಾರಿ ಹೊತ್ತ ಇಬ್ಬರ ಫೋನ್ ನಂಬರ್ ಇಡಿ. 2025ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿಸಿದ ಜನಸಂದಣಿ ನಿಯಂತ್ರಣ ಮಸೂದೆಯೂ ಜನರ ಸಂಖ್ಯೆಯಿಂದಲೇ ಶುರುವಾಗುತ್ತೆ. 7,000ಕ್ಕಿಂತ ಕಡಿಮೆ ಆದರೆ ಠಾಣಾಧಿಕಾರಿ, ಅದಕ್ಕಿಂತ ಹೆಚ್ಚಾದರೆ ಮೇಲಿನ ಅಧಿಕಾರಿಗಳು, ಹತ್ತು ದಿನ ಮೊದಲೇ ಅರ್ಜಿ. ಈಗ ಯಾವ ನಿಯಮ ನಡೀತಿದೆ ಅಂತ ಠಾಣೆಯಲ್ಲೇ ಕೇಳ್ಕೊಳ್ಳಿ.

ಪಾಲಿಕೆ: ಕಾರ್ಯಕ್ರಮ ರಸ್ತೆ, ಆಟದ ಮೈದಾನ ಅಥವಾ ಪಾರ್ಕಿನಲ್ಲಿ ಇದ್ದರೆ ಪಾಲಿಕೆ ಒಪ್ಪಿಗೆ ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ನಿಮ್ಮ ಜಾಗ ಯಾವುದಕ್ಕೆ ಬರುತ್ತೆ ಅಂತ ಮೊದಲು ನೋಡಿ. ಗಣೇಶ ಹಬ್ಬಕ್ಕಾದರೆ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕದವರು ಒಂದೇ ಕಡೆ ಸಿಗೋ ಏಕಗವಾಕ್ಷಿ ಕೇಂದ್ರ ಮಾಡಿರ್ತಾರೆ. ಬೇರೆ ಕಾರ್ಯಕ್ರಮಕ್ಕೆ ನಾವೇ ಸುತ್ತಬೇಕು.

ಬೆಸ್ಕಾಂ, ಅಗ್ನಿಶಾಮಕ: ಲೈಟು, ಸೌಂಡ್ ಸಿಸ್ಟಂಗೆ ತಾತ್ಕಾಲಿಕ ಕನೆಕ್ಷನ್ ಬೇಕಾದರೆ ಬೆಸ್ಕಾಂಗೆ ಅರ್ಜಿ. ಕಂಬದಿಂದ ಸೀದಾ ವೈರ್ ಎಳೆಯೋದು ಅಪರಾಧ, ಮಳೆ ಬಂದರೆ ಪ್ರಾಣಕ್ಕೂ ಕುತ್ತು. ಶಾಮಿಯಾನ, ಗ್ಯಾಸ್ ಸ್ಟೌವ್ ಇದ್ದರೆ ಅಗ್ನಿಶಾಮಕದವರ ಮಾತು ಕೇಳಿ. 1981ರ ಫೆಬ್ರವರಿ 7ರಂದು ಇದೇ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅದರಲ್ಲಿ ಮಕ್ಕಳೇ ಹೆಚ್ಚು.

ಧ್ವನಿವರ್ಧಕ: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕೋ ಹಾಗಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್.

ಮೆರವಣಿಗೆ ಮಾಡೋರಿಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನದ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆ ಮೆರವಣಿಗೆ ಮೇಲೆ ಲಾರಿ ನುಗ್ಗಿತು. ಸತ್ತವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ರಸ್ತೆಯಲ್ಲಿ ಕುಣಿಯೋರಿಗೂ ಓಡೋ ಗಾಡಿಗೂ ಮಧ್ಯೆ ಹಗ್ಗ ಸಾಲಲ್ಲ. ಟ್ರಾಫಿಕ್ ಪೊಲೀಸರು ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸೋವರೆಗೂ ಮೆರವಣಿಗೆ ಹೊರಡಬಾರದು.

ನಿಲ್ಲಿಸೋರು ಯಾರು?

ಪೇಪರ್ ಎಲ್ಲಾ ಸರಿ ಇದ್ದೂ ಆ ದಿನ ಕೈ ಮೀರಬಹುದು. ಅದಕ್ಕೆ ಊರಿನ ತೇರು ನೆನಪಿಸ್ಕೊಳ್ಳಿ. ಹಗ್ಗ ಎಳೆಯೋರು ನೂರಾರು ಜನ, ಅವರಿಗೆ ಗಾಲಿ ಕಾಣಲ್ಲ. ಗಾಲಿ ಪಕ್ಕದಲ್ಲಿ ಮರದ ತುಂಡು ಹಿಡ್ಕೊಂಡು ಒಂದಿಬ್ಬರು ನಡೀತಿರ್ತಾರೆ. ಬೇಕಾದಾಗ ಅದನ್ನ ಗಾಲಿಗೆ ಕೊಟ್ಟು ತೇರು ನಿಲ್ಲಿಸೋ ಕೆಲಸ ಅವರದ್ದು. ಅವರು ಯಾರ ಪರ್ಮಿಷನ್ನೂ ಕೇಳಲ್ಲ.

ನಮ್ಮ ಕಾರ್ಯಕ್ರಮಕ್ಕೂ ಅಂಥ ಒಬ್ಬರು ಬೇಕು. ಜೂನ್ 4ರಂದು ಹೊರಗೆ ಅಷ್ಟೆಲ್ಲಾ ಆಗ್ತಿದ್ದರೂ ಒಳಗೆ ಸನ್ಮಾನ ನಡೀತು. ಗೇಟ್‌ನಲ್ಲಿ ಇರೋರಿಗೆ ಗೊತ್ತಿದ್ದು ವೇದಿಕೆಗೆ ತಲುಪದಿದ್ದರೆ ಹೀಗೇ ಆಗೋದು. ಹೋದ ವರ್ಷ ನನ್ನ ಕೈ ಕಂಬಿಗೆ ಸಿಕ್ಕಿದ್ದಾಗ ನಮ್ಮ ವೇದಿಕೆ ಮೇಲೂ "ಎಲ್ಲರೂ ಜೋರಾಗಿ ಕೂಗಿ" ಅಂತಿದ್ದರು. ಅವರಿಗೆ ಗೊತ್ತೇ ಇರಲಿಲ್ಲ.

ಆದ್ದರಿಂದ ಈ ವರ್ಷ ನಾವು ತೀರ್ಮಾನ ಮಾಡಿರೋದು ಇಷ್ಟು. ಕೆಪಾಸಿಟಿ ಲೆಕ್ಕ ಮುಗಿಯೋವರೆಗೂ ಪೋಸ್ಟರ್ ಇಲ್ಲ, ರೀಲ್ ಇಲ್ಲ. ಪಾಸ್ ಇಲ್ಲದೆ ಪ್ರವೇಶ ಇಲ್ಲ ಅನ್ನೋದು ಮೊದಲನೇ ಪೋಸ್ಟರಿನಲ್ಲೇ ದೊಡ್ಡ ಅಕ್ಷರದಲ್ಲಿ ಇರುತ್ತೆ. ಎರಡು ಗೇಟುಗಳೂ ಬೆಳಗ್ಗೆಯಿಂದ ಬೀಗ ಇಲ್ಲದೆ ಇರ್ತವೆ, ಮುಂದೆ ಬೈಕ್ ನಿಲ್ಲಿಸೋ ಹಾಗಿಲ್ಲ. ಗೇಟ್‌ನಲ್ಲಿ ಎಣಿಸೋಕೆ ಒಬ್ಬರು, ಸಂಖ್ಯೆ ಮುಟ್ಟಿದ ತಕ್ಷಣ ಪ್ರವೇಶ ಬಂದ್, ಹೊರಗಿದ್ದವರಿಗೆ ಮೈಕಿನಲ್ಲಿ ಕಾರಣ ಹೇಳ್ತೀವಿ. ಮಳೆ ಬಂದರೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಅನೌನ್ಸ್ ಮಾಡ್ತೀವಿ. ಫಸ್ಟ್ ಏಡ್ ಟೇಬಲ್ ಮೇಲೆ 108, 112 ದೊಡ್ಡದಾಗಿ ಬರೆದಿರುತ್ತೆ. ಗೇಟ್‌ನಲ್ಲಿ ಇರೋ ಇಬ್ಬರಿಗೆ ಹಾಡು ನಿಲ್ಲಿಸೋ ಅಧಿಕಾರ ಇರುತ್ತೆ. ಅವರು ಕೈ ಎತ್ತಿದರೆ ಚೀಫ್ ಗೆಸ್ಟ್ ಮಾತಾಡ್ತಿದ್ದರೂ ಮೈಕ್ ಆಫ್.

ಆ ಇಬ್ಬರಲ್ಲಿ ಒಬ್ಬರು ಸೆಕ್ಯೂರಿಟಿ ಅಂಕಲ್. ಮೊನ್ನೆ ಸ್ಕೆಚ್ ತಗೊಂಡು ಹೋಗಿ ತೋರಿಸಿ, "ಅಂಕಲ್, ಈ ಸಲ ಇಷ್ಟೇ ಜನ" ಅಂತ ಸಂಖ್ಯೆ ಹೇಳಿದೆ. ಅವರು ಸ್ಕೆಚ್ ಪೂರ್ತಿ ನೋಡಿ, ಮೂಲೆಯಲ್ಲಿ ಬೆರಳಿಟ್ಟು ಕೇಳಿದ್ರು: "ಊಟದ ಕ್ಯೂ ಗೇಟಿಗೇ ಬಂದು ಮುಟ್ಟುತ್ತಲ್ಲಪ್ಪ, ಇದನ್ನ ಆ ಕಡೆ ಹಾಕಬಾರ್ದಾ?"

ಹಾಕಿದ್ವಿ. ನಿಮ್ಮ ಸ್ಕೆಚ್ಚನ್ನೂ ಠಾಣೆಗೆ ಕೊಡೋಕೆ ಮುಂಚೆ ಒಂದ್ಸಲ ಗೇಟ್ ಕಾಯೋರಿಗೆ ತೋರಿಸಿ.